ಆರು ಕೋಳಿಯೂ ಕ್ಷೇಮ

ಆಸ್ಟ್ರೇಲಿಯಾದಲ್ಲಿ ಚಳಿಗಾಲ ಶುರುವಾಗುವುದು ಜೂನ್‌ಗೆ. ಕಾರಿನ ಹಿಂದೆ ಗಾಲಿಮನೆ ಕಟ್ಟಿಕೊಂಡು ತಿರುಗುವ ಕ್ಯಾರವಾನಿನವರಲ್ಲಿ ಬುದ್ಧಿ ನೆಟ್ಟಗಿರುವವರೆಲ್ಲ ಮೇ ತಿಂಗಳು ಮುಗಿಯುವುದರೊಳಗೆ ಉತ್ತರಕ್ಕೆ ಮುಖ ಮಾಡುತ್ತಾರೆ. ಕ್ವೀನ್ಸ್‌ಲ್ಯಾಂಡಿನ ಬಿಸಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಚಡ್ಡಿಯಲ್ಲಿ ಕಾಲು ಚಾಚಿ ಕೂತು, ದಕ್ಷಿಣದಲ್ಲಿ ಈ ವರ್ಷ ಎಂಥಾ ಚಳಿಯಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸುಖಪಡುತ್ತಾರೆ. ನೋಲಿನ್ ಮತ್ತು ಅವಳ ಗಂಡ ಕ್ಲೈವ್ ಮಾತ್ರ ಅದೇ ಹೊತ್ತಿಗೆ ಕ್ಯಾರವಾನನ್ನು ಹಡಗಿಗೆ ಹತ್ತಿಸಿ ದಕ್ಷಿಣದ ಟಾಸ್ಮೇನಿಯಾ ದ್ವೀಪದ ಚಳಿಗೆ ಬಂದಿಳಿಯುತ್ತಿದ್ದರು. ಬಿಸಿಲು ಹುಡುಕಿಕೊಂಡು ಹೋದವರ ಮನೆಗಳನ್ನು ಯಾರಾದರೂ ಕಾಯಬೇಕಲ್ಲ! ನಾಯಿಗೆ ಊಟ ಹಾಕಬೇಕು, ಬೆಕ್ಕಿಗೆ ಮಾತ್ರೆ ನುಂಗಿಸಬೇಕು, ನಲ್ಲಿಯ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ ಮನೆ, ಒಲೆ, ಒಟ್ಟಿಟ್ಟ ಸೌದೆ ಎಲ್ಲವೂ ಅಷ್ಟು ದಿನ ಅವರದೇ. ಒಂದು ಮನೆಯ ಗಡುವು ಮುಗಿದರೆ ಕ್ಯಾರವಾನ್ ಕಟ್ಟಿಕೊಂಡು ಮುಂದಿನ ಮನೆಗೆ.

ನಾಲ್ಕು ವರ್ಷದ ಹಿಂದೆ ಬ್ಯಾಲರಾಟಿನ ಮನೆ ಮಾರಿ ಹೊರಟಾಗ ನೋಲಿನ್‌ಗೆ ಅರವತ್ತಮೂರು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು, ದಿನಾ ಅದೇ ರಸ್ತೆ, ಅದೇ ತಿರುವು, ಅದೇ ಗದ್ದಲ. ಇನ್ನು ಮೇಲೆ ಕಾಣದ ರಸ್ತೆಯಲ್ಲಿ ಮಾತ್ರ ಓಡಾಡುತ್ತೇನೆ ಎಂದು ಶಪಥ ಮಾಡಿದ್ದಳು. ಕೊಳಾಯಿ ಕೆಲಸದ ಕ್ಲೈವ್ ಜನ್ಮವಿಡೀ ಬೇರೆಯವರ ಮನೆಯ ಬಚ್ಚಲಲ್ಲಿ ಬಗ್ಗಿಯೇ ಕಳೆದವನು. ಬೇರೆಯವರ ಮನೆಯ ಸೋಫಾದ ಮೇಲೆ ಕೂರುವ ಯೋಗ ಈಗ ಬಂತು ನೋಡು ಎಂದು ಅವನು ಹಿಗ್ಗಿದ್ದ.

ಆದರೆ ಹೋದ ಜೂನ್‌ನಲ್ಲಿ ಎರಡು ಮನೆಗಳ ನಡುವೆ ಒಂಬತ್ತು ದಿನದ ಸಂದು ಬಿತ್ತು. ಆ ಒಂಬತ್ತು ದಿನವೂ ಕ್ಯಾರವಾನಿನಲ್ಲೇ ಮಲಗಬೇಕಾಯಿತು. ನೀರಿನ ಕೊಳವೆ ಕಲ್ಲಾಯಿತು, ಕಿಟಕಿಯ ಒಳಮೈಗೇ ಮಂಜು ಕಟ್ಟಿತು, ಹತ್ತನೆಯ ದಿನ ಕ್ಲೈವ್ ಎದೆ ಕಟ್ಟಿ ಆಸ್ಪತ್ರೆ ಸೇರಿದ. ಅವನು ಆಮ್ಲಜನಕದ ಮುಖವಾಡದ ಹಿಂದಿನಿಂದಲೂ ತಮಾಷೆ ಮಾಡುತ್ತಿದ್ದ. ನೋಲಿನ್ ಮಾತ್ರ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಗೊಳೋ ಎಂದು ಅತ್ತಿದ್ದಳು. ಅವತ್ತೇ ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು. ಮುಂದಿನ ಚಳಿಗಾಲ ಮುಗಿಯುವುದರೊಳಗೆ ಪ್ರತಿ ವರ್ಷಕ್ಕೂ ಖಾಯಂ ಆಗಿ ಒಂದು ಬೆಚ್ಚಗಿನ ಮನೆ ಗೊತ್ತಾಗಬೇಕು. ಆಗದಿದ್ದರೆ ಕ್ಯಾರವಾನ್ ಮಾರಿ, ಡ್ಯಾಂಡೆನಾಂಗ್‌ನಲ್ಲಿರುವ ಕ್ಲೈವ್‌ನ ಅಕ್ಕನ ಹಿತ್ತಿಲ ಕೋಣೆಗೆ ಹೋಗಿ ಬೀಳುವುದು. ಆ ಅಕ್ಕ ಒಳ್ಳೆಯವಳೇ. ಆದರೆ ದಿನಕ್ಕೆ ಹದಿನಾರು ಗಂಟೆ ಟಿವಿ ಹಾಕುತ್ತಾಳೆ, ಮಿಕ್ಕ ಎಂಟು ಗಂಟೆ ಅದರಲ್ಲಿ ಏನೇನು ಬಂತು ಎಂದು ಹೇಳುತ್ತಾಳೆ.

ಹೀಗಿರುವಾಗ ಬಾತ್‌ವೆಲ್ ಊರಾಚೆಯ ಎನಿಡ್ ಅವರ ಮನೆ ಸಿಕ್ಕಿತು. ದಪ್ಪ ಕಲ್ಲಿನ ಗೋಡೆ, ಆನೆಯಷ್ಟು ದೊಡ್ಡ ಕಬ್ಬಿಣದ ಒಲೆ, ಹಿತ್ತಿಲಲ್ಲಿ ಆರು ಕೋಳಿ. ಎಂಬತ್ತಮೂರರ ಎನಿಡ್ ಪ್ರತಿ ಚಳಿಗಾಲ ಟೌನ್ಸ್‌ವಿಲ್‌ನಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದರು, ಈ ಸಲ ಮಾತ್ರ ಆರೇ ವಾರಕ್ಕೆ. ಹೊರಡುವ ದಿನ ಅವರು ಕೋಲೂರಿಕೊಂಡು ಹಿತ್ತಿಲಿಗೆ ಕರೆದೊಯ್ದು ಕೋಳಿಗಳನ್ನು ಒಂದೊಂದಾಗಿ ಪರಿಚಯಿಸಿದ್ದರು.

"ಇವ್ರು ಮಿಸೆಸ್ ಗೇಟನ್‌ಬಿ. ಆ ಕಡೆ ಕೆರೀತಿರೋರು ಮಿಸೆಸ್ ಲಾರ್ಡ್. ಈ ಚುಕ್ಕಿಯೋರು ಮಿಸೆಸ್ ಪೈಬಸ್. ಹಳ್ಳಿ ಪ್ರದರ್ಶನದಲ್ಲಿ ಸ್ಪಂಜ್ ಕೇಕಿಗೆ ನನ್ನ ಮೊದಲ ಬಹುಮಾನ ಹೊಡ್ಕೊಂಡ ಆರು ಜನರ ಹೆಸರು ಇಟ್ಟಿದ್ದೀನಿ ಕಣಮ್ಮ. ಅವ್ರನ್ನ ಗೆಲ್ಲೋಕಾಗ್ಲಿಲ್ಲ, ಈಗ ದಿನಾ ಬೆಳಿಗ್ಗೆ ಅವ್ರ ಮೊಟ್ಟೆ ಕದ್ದು ತಿಂತೀನಿ."

ನೋಲಿನ್ ನಕ್ಕಳು. ಎನಿಡ್ ನಗಲಿಲ್ಲ.

"ಮನೆ ಬಿದ್ರೂ ಪರವಾಗಿಲ್ಲ, ವಿಮೆ ಇದೆ. ಈ ಆರು ಜನ ಇರ್ಬೇಕು. ಬಂದು ಎಣಿಸ್ತೀನಿ. ಎಲ್ಲಾ ಸರಿ ಇದ್ರೆ ಪ್ರತಿ ವರ್ಷ ಜೂನಿನಿಂದ ಆಗಸ್ಟ್‌ವರೆಗೆ ಈ ಮನೆ ನಿಮ್ದೇ ಅಂತ ತಿಳ್ಕೊಳ್ಳಿ. ವರ್ಷ ವರ್ಷ ಹೊಸಬ್ರನ್ನ ಹುಡ್ಕಿ ಹುಡ್ಕಿ ನನಗೂ ಸಾಕಾಗಿದೆ."

ಅಂದಿನಿಂದ ಆರು ವಾರ ನೋಲಿನ್ ಆ ಕೋಳಿಗಳನ್ನು ಸಾಕಿದ್ದು ಸೊಸೆಯ ಬಾಣಂತನ ಮಾಡಿದಂತೆ. ಬೆಳಿಗ್ಗೆ ಬಿಸಿ ಓಟ್ಸ್ ಗಂಜಿ, ಮಧ್ಯಾಹ್ನ ಎಲೆಕೋಸು, ಹೆಪ್ಪುಗಟ್ಟಿದ ನೀರಿನ ಬಟ್ಟಲಿಗೆ ಕೆಟಲಿನಿಂದ ಬಿಸಿನೀರು. ಸಂಜೆ ಎಣಿಸಿ ಗೂಡಿನ ಬಾಗಿಲು ಹಾಕುವುದೊಂದು ಕ್ಲೈವ್‌ನ ಕೆಲಸ. ರಾತ್ರಿ ಓಡಾಡುವ ಕ್ವೋಲ್ ಎಂಬ ಕಾಡುಬೆಕ್ಕಿನಂಥ ಪ್ರಾಣಿಗೆ ಕೋಳಿ ಎಂದರೆ ಪ್ರಾಣ.

ಹೊರಡಲು ಮೂರು ದಿನ ಇದೆ ಎನ್ನುವಾಗ ನೋಲಿನ್ ಎಂದಿನಂತೆ ಕ್ಯಾರವಾನಿಗೆ ಕಾವು ಕೊಡಲು ಶುರುಮಾಡಿದಳು. ಚಳಿಯಲ್ಲಿ ಮನೆ ಕಾಯುತ್ತ ತಿರುಗುವವರಿಗೆಲ್ಲ ಗೊತ್ತಿರುವ ಕೆಲಸ ಇದು. ಆರು ವಾರ ಸುಮ್ಮನೆ ನಿಂತ ಕ್ಯಾರವಾನಿನ ಹಾಸಿಗೆ ಒದ್ದೆ ಗೋಣಿಚೀಲವಾಗಿರುತ್ತದೆ. ಹೊರಡುವ ಮೊದಲು ಮೂರು ದಿನ ಒಳಗೆ ಪುಟ್ಟ ಹೀಟರ್ ಹಚ್ಚಿ, ಬಾಗಿಲು ಓರೆ ಮಾಡಿ, ಬೆಂಚಿನ ಕೆಳಗಿನ ಪೆಟ್ಟಿಗೆಗಳ ಮುಚ್ಚಳ ಎತ್ತಿಟ್ಟು ಒಣಗಿಸಬೇಕು. ಇಡೀ ಹಿತ್ತಿಲು ಬೆಳ್ಳಗೆ ಮಂಜು ಹೊದ್ದು ನಡುಗುತ್ತಿರುವಾಗ ಕ್ಯಾರವಾನ್ ಒಂದೇ ಹದವಾಗಿ ಬೆಚ್ಚಗಿರುತ್ತಿತ್ತು.

ಆ ಮೂರು ದಿನವೂ ಕ್ಲೈವ್ ಬೇರೊಂದು ಜಗಳದಲ್ಲಿದ್ದ. ಗಾಲ್ಫ್ ಮೈದಾನದ ಬೇಲಿಯಾಚೆ, ಕುರಿ ಮೇಯುವ ಹುಲ್ಲಿನಲ್ಲಿ ಸಿಕ್ಕ ಮೂರು ಚೆಂಡುಗಳನ್ನು ಅವನು ತನ್ನ ಉಣ್ಣೆಯ ಟೋಪಿಯಲ್ಲಿ ಹಾಕಿ ಎಲ್ಲೋ ಇಟ್ಟಿದ್ದ. ಟೋಪಿಯೂ ಇಲ್ಲ, ಚೆಂಡೂ ಇಲ್ಲ.

"ನೀನೇ ಬಿಸಾಕಿದ್ದೀಯ," ಎಂದ.

"ಗಾಲ್ಫ್ ಆಡೋಕೆ ಬರದೇ ಇರೋನಿಗೆ ಚೆಂಡು ಯಾಕೆ?"

"ಆಡೋಕೆ ಬಂದಿದ್ರೆ ಕುರಿ ಹಿಂದೆ ಯಾಕೆ ಹುಡುಕ್ತಿದ್ದೆ? ನನ್ನ ಟೋಪಿ ಎಲ್ಲಿ ಹೇಳು."

"ನಿನ್ನ ಟೋಪಿ ಇಟ್ಕೊಂಡು ನಾನೇನು ಮೊಟ್ಟೆಗೆ ಕಾವು ಕೊಡ್ಲಾ?" ಎಂದು ನೋಲಿನ್ ಸಿಡುಕಿದಳು.

ಹೊರಡುವ ದಿನ ಬೆಳಗಾಯಿತು. ಎನಿಡ್ ಎರಡು ಗಂಟೆಯ ಬಸ್ಸಿಗೆ ಬರುವವರಿದ್ದರು. ಇವರ ಮುಂದಿನ ಮನೆ ಡೆಲೊರೇನ್‌ನಲ್ಲಿ, ಅಲ್ಲಿಯವರು ಮರುದಿನ ಸಂಜೆ ಹೊರಡುವವರು. ಹಾಸಿಗೆಯ ಬಟ್ಟೆ ಒಗೆದು ಒಣಗಿಸಿ ಹಾಸಿದ್ದಾಯಿತು, ಕುಂಬಳಕಾಯಿಯ ಸೂಪು ಒಲೆಯ ಅಂಚಿನಲ್ಲಿಟ್ಟದ್ದಾಯಿತು. ಗಂಜಿಯ ಪಾತ್ರೆ ಹಿಡಿದು ಹಿತ್ತಿಲಿಗೆ ಹೋದ ನೋಲಿನ್ ಕೋಳಿ ಎಣಿಸಿದಳು. ಐದು. ಪಾತ್ರೆ ಕೆಳಗಿಟ್ಟು ಬೆರಳು ಮಡಚಿ ಎಣಿಸಿದಳು. ಆಗಲೂ ಐದು. ಮಿಸೆಸ್ ಪೈಬಸ್ ಇರಲಿಲ್ಲ.

"ಕ್ಲೈವ್! ನಿನ್ನೆ ಸಂಜೆ ಎಣಿಸಿದ್ಯಾ?"

ಕ್ಲೈವ್ ಕ್ಯಾರವಾನಿನ ಕೊಂಡಿಗೆ ಎಣ್ಣೆ ಬಿಡುತ್ತಿದ್ದವನು ತಲೆ ಎತ್ತಲಿಲ್ಲ. ತಲೆ ಎತ್ತದ್ದನ್ನು ಕಂಡೇ ಅವಳಿಗೆ ಅರ್ಥವಾಯಿತು.

"ಬಾಗಿಲು ಹಾಕ್ದೆ," ಎಂದ.

"ಎಣಿಸಿದ್ಯಾ ಅಂದೆ."

"ಚಳಿ ಇತ್ತು ನೋಲ್. ಒಳಗೆ ಎಲ್ಲಾ ಒಟ್ಟಿಗೆ ಮುದ್ದೆ ಆಗಿ ಕೂತಿದ್ವು. ನೋಡಿದ್ರೆ ಆರು ಇದ್ದ ಹಾಗೇ ಇತ್ತು."

ಕೊಟ್ಟಿಗೆ, ಸೌದೆಮನೆ, ಹಾಥಾರ್ನ್ ಬೇಲಿಯ ಬುಡ, ಮನೆಯ ನೆಲಗಟ್ಟಿನ ಕೆಳಗಿನ ಸಂದು, ಪಕ್ಕದ ಹೊಲದ ಹಳ್ಳ. ಒಂದು ಗಂಟೆ ಹುಡುಕಿದರು. ನೀರಿನ ತೊಟ್ಟಿಯೊಳಗೂ ನೋಡಿದರು. ಒಂದು ಪುಕ್ಕವೂ ಸಿಗಲಿಲ್ಲ. ನೋಲಿನ್ ಸೌದೆ ಸೀಳುವ ಕೊರಡಿನ ಮೇಲೆ ಕುಸಿದು ಕೂತಳು. ಡ್ಯಾಂಡೆನಾಂಗ್‌ನ ಹಿತ್ತಿಲ ಕೋಣೆ, ಗೋಡೆಯಾಚೆಯಿಂದ ಬರುವ ಟಿವಿಯ ಸದ್ದು ಎಲ್ಲ ಅವಳ ಕಣ್ಣಿಗೆ ಕಟ್ಟಿತು. ಆಮೇಲೆ, ಪಾಪದ ಕೋಳಿ ಹೇಗೆ ಸತ್ತಿತೋ ಎಂದು ಸಂಕಟವಾಯಿತು. ಕೋಳಿಗಿಂತ ಮೊದಲು ಮನೆಯ ನೆನಪಾಯಿತಲ್ಲ ಎಂದು ತನ್ನ ಮೇಲೇ ನಾಚಿಕೆಯೂ ಆಯಿತು.

ಅಷ್ಟರಲ್ಲಿ ಕ್ಲೈವ್ ಮಾಯವಾಗಿದ್ದ. ಅರ್ಧ ಗಂಟೆ ಬಿಟ್ಟು ಕಾರಿನಲ್ಲಿ ಬಂದವನ ಕಂಕುಳಲ್ಲಿ ಒಂದು ರಟ್ಟಿನ ಡಬ್ಬ, ಡಬ್ಬದಲ್ಲಿ ಒಂದು ಚುಕ್ಕಿ ಕೋಳಿ. ಆಚೆ ತೋಟದವನೊಬ್ಬ ಗೇಟಿಗೆ ಹಲಗೆ ಕಟ್ಟಿ ಕೋಳಿ ಮಾರುತ್ತಿದ್ದುದನ್ನು ಬರುವಾಗ ಹೋಗುವಾಗ ನೋಡಿದ್ದನಂತೆ.

"ಕ್ಲೈವ್, ಬೇಡ."

"ಅದೇ ಬಣ್ಣ, ಅದೇ ಚುಕ್ಕಿ. ಮುದುಕಿ ಕಣ್ಣಿಗೆ ಪೊರೆ ಇದೆ, ಅವ್ರೇ ಹೇಳಿದ್ರಲ್ಲ."

"ಸಣ್ಣದಾಗಿದೆ."

"ಯಜಮಾನಿ ಇಲ್ಲ ಅಂತ ಕೊರಗಿ ಬಡವಾಗಿದೆ."

"ಜುಟ್ಟು ಯಾಕೆ ಇಷ್ಟು ಕೆಂಪು?"

"ಚಳಿಗೆ. ನಿನ್ನ ಮೂಗು ನೋಡ್ಕೋ."

ಡಬ್ಬದಿಂದ ಇಳಿದ ಹೊಸಬರನ್ನು ಮಿಸೆಸ್ ಗೇಟನ್‌ಬಿ ಬಂದು ಮೊದಲು ಕುಕ್ಕಿದರು, ಆಮೇಲೆ ಮಿಸೆಸ್ ಲಾರ್ಡ್. ಕ್ಲೈವ್ ಅತ್ತ ಬೆನ್ನು ಮಾಡಿ ಸೂಟ್‌ಕೇಸು ಹೊರತೊಡಗಿದ. ನೋಲಿನ್ ಅಡುಗೆಮನೆಯ ಮೇಜಿಗೆ ಹೋಗಿ, ಪ್ರತಿ ಮನೆಯಲ್ಲೂ ಬರೆದಿಡುವಂತೆ ಚೀಟಿ ಬರೆದಳು. 'ಸೂಪು ಒಲೆಯ ಮೇಲಿದೆ. ಸೌದೆ ಒಳಗೆ ತಂದಿಟ್ಟಿದ್ದೇವೆ. ಹಾಲು ಹೊಸದು.' ಇಲ್ಲಿಗೆ ಪೆನ್ನು ನಿಂತಿತು. ಹೊರಗಿನಿಂದ ಕ್ಲೈವ್ ಎರಡು ಸಲ ಹಾರನ್ ಹೊಡೆದ. ಅವಳು ಹಲ್ಲು ಕಚ್ಚಿ ಬರೆದಳು: 'ಆರು ಕೋಳಿಯೂ ಕ್ಷೇಮ.' ನಾಲ್ಕು ವರ್ಷದಲ್ಲಿ ಇಪ್ಪತ್ತೊಂಬತ್ತು ಮನೆಗಳಲ್ಲಿ ಇಪ್ಪತ್ತೊಂಬತ್ತು ಚೀಟಿ ಬರೆದಿದ್ದಳು. ಸುಳ್ಳು ಬರೆದದ್ದು ಇದೇ ಮೊದಲು.

ಹೊರಡುವ ಮುನ್ನ ಒಬ್ಬರು ಕೂಗಿ ಒಬ್ಬರು ಉತ್ತರಿಸುವ ಪಟ್ಟಿಯೊಂದಿತ್ತು. ಅದರ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಅನಾಹುತ. ಕ್ಯಾರವಾನ್ ಅಲುಗದಂತೆ ನೆಲಕ್ಕೂರುವ ಕಬ್ಬಿಣದ ಕಾಲು ಎತ್ತಲು ಮರೆತು ಅದು ಸೊಟ್ಟಗಾಗಿತ್ತು, ಛಾವಣಿಯ ಕಿಂಡಿ ಮರೆತು ಅದು ಹಾರಿ ಹೋಗಿತ್ತು, ಮೆಟ್ಟಿಲು ಮರೆತು ಒಂದು ಪೆಟ್ರೋಲ್ ಬಂಕಿನ ಕಂಬ ಬಾಗಿತ್ತು.

"ಗ್ಯಾಸು?" ಕ್ಲೈವ್ ಸ್ಟಿಯರಿಂಗ್ ಹಿಂದಿನಿಂದ ಕೂಗಿದ.

"ಬಂದ್."

"ಕಾಲು?"

"ಎತ್ತಿದೆ."

"ಕಿಂಡಿ?"

"ಹಾಕಿದೆ."

"ಮುಚ್ಚಳ?"

ನೋಲಿನ್ ಕ್ಯಾರವಾನಿನೊಳಗೆ ನುಗ್ಗಿ, ಮಸುಕಾದ ಕಣ್ಣಲ್ಲೇ ಬೆಂಚಿನ ಕೆಳಗಿನ ಮುಚ್ಚಳಗಳನ್ನು ಪಟಪಟನೆ ಬಡಿದಳು. "ಬಿಗಿ."

"ಮೆಟ್ಟಿಲು?"

"ಒಳಗೆ."

"ಹೆಂಡ್ತಿ?"

ಇದು ಮೊದಲ ವರ್ಷ ಅವಳನ್ನು ಹೆದ್ದಾರಿಯ ಶೌಚಾಲಯದಲ್ಲೇ ಬಿಟ್ಟು ಅವನು ಮೂವತ್ತು ಕಿಲೋಮೀಟರ್ ಹೋಗಿದ್ದರಿಂದ ಸೇರಿದ್ದು. ಇದಕ್ಕೆ ಅವಳು ಯಾವಾಗಲೂ, "ಇದ್ದಾಳೆ, ನಿನ್ನ ಗ್ರಹಚಾರ," ಎನ್ನುತ್ತಿದ್ದಳು. ಇವತ್ತು ಬರೀ "ಹ್ಞೂಂ" ಎಂದು ಕಾರು ಹತ್ತಿದಳು.

ಕೆಳಗಿನ ದೊಡ್ಡ ರಸ್ತೆ ಸುತ್ತು, ಬೆಟ್ಟದ ಮೇಲಿನ ಕೆರೆಗಳ ದಾರಿ ಹತ್ತಿರ. ಮುಂಜಾನೆ ಹಿಮದ ಎಚ್ಚರಿಕೆ ಇರಲಿಲ್ಲವೆಂದು ಕ್ಲೈವ್ ಮೇಲಿನ ದಾರಿಗೇ ತಿರುಗಿಸಿದ. ಎನಿಡ್ ಅವರ ಬಸ್ಸು ಎದುರಿಗೆ ಸಿಗಬಾರದೆಂಬುದೂ ಮನಸ್ಸಿನಲ್ಲಿ ಇದ್ದಿರಬೇಕು. ಒಂದು ಗಂಟೆ ಹತ್ತಿದ ಮೇಲೆ ಗ್ರೇಟ್ ಲೇಕ್ ಕಂಡಿತು, ಅದರ ಜೊತೆಗೇ ಹಿಮವೂ. ಮೊದಮೊದಲು ಜರಡಿ ಹಿಡಿದಂತೆ ಸಣ್ಣಗೆ ಬಿದ್ದದ್ದು, ಕೆರೆದಂಡೆಯ ಮಿಯೆನಾ ಊರು ಮುಟ್ಟುವಾಗ ಗಾಜು ತುಂಬಿಕೊಂಡು ಬೀಳುತ್ತಿತ್ತು. ಕ್ಲೈವ್ ಕೆರೆಯ ಬದಿಯ ಅಗಲ ಜಾಗದಲ್ಲಿ ನಿಲ್ಲಿಸಿದ.

"ಟೀ ಕುಡಿಯೋಣ. ಹತ್ತು ನಿಮಿಷದಲ್ಲಿ ನಿಲ್ಲುತ್ತೆ."

ಕ್ಯಾರವಾನಿನೊಳಗೆ ಅವನು ಕೆಟಲ್ ಇಟ್ಟ. ನೋಲಿನ್ ಮೊಣಕಾಲಿಗೆ ಹೊದೆಯಲು ಕಂಬಳಿ ತೆಗೆಯೋಣವೆಂದು ಬೆಂಚಿನ ಮುಚ್ಚಳ ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

ಪೆಟ್ಟಿಗೆಯ ಮೂಲೆಯಲ್ಲಿ, ಕಂಬಳಿಗಳ ನಡುವೆ, ಮಿಸೆಸ್ ಪೈಬಸ್ ರೆಕ್ಕೆ ಅಗಲಿಸಿ ಕಾವು ಕೂತಿದ್ದರು. ತಣ್ಣನೆ ಗಾಳಿ ತಾಗಿದ್ದಕ್ಕೆ ಅವರಿಗೆ ವಿಪರೀತ ಸಿಟ್ಟು ಬಂದಿತ್ತು. ಮೈಯೆಲ್ಲ ಉಬ್ಬಿಸಿ, ಒಂದು ಕಣ್ಣಲ್ಲಿ ನೋಲಿನ್‌ಳನ್ನು ಮೇಲಿಂದ ಕೆಳಗೆ ನೋಡಿ, ಗೊರ್ರ್ ಎಂದರು. ನೋಲಿನ್ ಕೈಯನ್ನು ಮೆಲ್ಲನೆ ಹೊಟ್ಟೆಯ ಕೆಳಗೆ ತೂರಿಸಿದಳು. ಕೈಗೆ ಮೊದಲು ಸಿಕ್ಕಿದ್ದು ಉಣ್ಣೆ, ಅದರೊಳಗೆ ಎರಡು ಮೊಟ್ಟೆ, ಆಮೇಲೆ ಬಿಸಿಬಿಸಿಯಾದ ಮೂರು ಗಾಲ್ಫ್ ಚೆಂಡು.

"ಕ್ಲೈವ್," ಎಂದಳು. "ನಿನ್ನ ಟೋಪಿ ಸಿಕ್ತು."

ಇಬ್ಬರೂ ನಕ್ಕ ನಗೆಗೆ ಕ್ಯಾರವಾನ್ ಅಲುಗಿತು. ಕ್ಲೈವ್ ನಗುತ್ತ ನಗುತ್ತ ಕೆಮ್ಮಿ, ಕೆಮ್ಮುತ್ತ ಮತ್ತೆ ನಕ್ಕ. ಬದುಕಿದ್ದಾಳಲ್ಲ ಮಹಾತಾಯಿ ಎಂದು ನೋಲಿನ್ ಕಣ್ಣೊರೆಸಿಕೊಂಡಳು. ಮೂರು ದಿನ ಹೀಟರ್ ಹಾಕಿ, ಬಾಗಿಲು ತೆರೆದು, ಕಂಬಳಿ ಹಾಸಿ, ಮುಚ್ಚಳ ಎತ್ತಿಟ್ಟು ಬಾಣಂತಿಕೋಣೆ ಸಿದ್ಧ ಮಾಡಿಕೊಟ್ಟವಳೂ ಅವಳೇ, ಬೆಳಿಗ್ಗೆ ಮುಚ್ಚಳ ಬಡಿದು ಬಿಗಿ ಮಾಡಿದವಳೂ ಅವಳೇ. ಊರೆಲ್ಲ ಹುಡುಕಿದವರಿಗೆ ತಮ್ಮದೇ ಕ್ಯಾರವಾನ್ ನೆನಪಾಗಿರಲಿಲ್ಲ.

ನಗು ನಿಂತ ಮೇಲೆ ಕ್ಲೈವ್ ಕಪ್ಪಿಗೆ ಟೀ ಬಗ್ಗಿಸುತ್ತ ಹೇಳಿದ, "ಡೆಲೊರೇನ್‌ನಲ್ಲಿ ಯಾರಿಗಾದ್ರೂ ಕೊಟ್ಬಿಡೋಣ. ಒಳ್ಳೇ ಮನೆ ನೋಡಿ."

"ಏನು?"

"ಅಲ್ಲಿ ಆರು ಇದೆ. ಲೆಕ್ಕ ಸರಿ ಇದೆ. ಈಗ ವಾಪಸ್ ಹೋದ್ರೆ ಏನಂತ ಹೇಳ್ತೀಯ? ನಿಮ್ಮ ಕೋಳಿ ಕದ್ಕೊಂಡು ಹೋದ್ವಿ, ಬದಲಿಗೆ ಇನ್ನೊಂದು ಇಟ್ವಿ, ಮೇಲೆ ಸುಳ್ಳೂ ಬರೆದ್ವಿ ಅಂತಾನಾ? ಆ ಮನೆ ಕೈತಪ್ಪಿದ್ರೆ ನಮ್ಮಕ್ಕನ ಮನೆಯೇ ಗತಿ. ಯೋಚ್ನೆ ಮಾಡು."

ನೋಲಿನ್ ಯೋಚಿಸಿದಳು. ಹೊರಗೆ ಕೆರೆಯೂ ಕಾಣುತ್ತಿರಲಿಲ್ಲ, ಆಕಾಶವೂ ಕಾಣುತ್ತಿರಲಿಲ್ಲ. ಆ ಕಲ್ಲಿನ ಮನೆಯ ಒಲೆಯ ಮುಂದೆ ಕ್ಲೈವ್ ಕಾಲು ಚಾಚಿ ಗೊರಕೆ ಹೊಡೆಯುವ ಚಿತ್ರ ಅವಳಿಗೆ ಎಷ್ಟು ಇಷ್ಟವಾಗಿತ್ತೆಂದು ಅವಳಿಗೇ ಗೊತ್ತು. ಆದರೆ ಮುಂದಿನ ಜೂನ್‌ನಲ್ಲಿ ಆ ಒಲೆಯ ಮುಂದೆ ಕೂತಾಗ, ಹಿತ್ತಿಲಲ್ಲಿ ಓಡಾಡುವ ಸುಳ್ಳು ಪೈಬಸ್‌ಗೆ ದಿನಾ ಬೆಳಿಗ್ಗೆ ತಾನೇ ಗಂಜಿ ಹಾಕಬೇಕು. ಅದು ತನ್ನಿಂದ ಆಗುವ ಕೆಲಸವಲ್ಲ ಎನಿಸಿತು.

"ಕ್ಲೈವ್, ಮುದುಕಿ ನಮ್ಮನ್ನ ನಂಬಿ ಬೀಗದ ಕೈ ಕೊಟ್ಟು ಹೋದ್ರು. ಬೆಳಿಗ್ಗೆ ಕೋಳಿ ಸತ್ತಿದೆ ಅಂದ್ಕೊಂಡು ಹೆದರಿ ಬರೆದೆ. ಈಗ ಯಾವ ಮುಖ ಇಟ್ಕೊಂಡು ಸುಮ್ನಿರ್ಲಿ? ನಿಮ್ಮಕ್ಕನ ಟಿವಿ ಬೇಕಾದ್ರೆ ನೋಡ್ತೀನಿ. ಕೈ ಕೊಡು."

"ಏನು?"

"ಕಾರಿನ ಕೀ. ಈ ಹಿಮದಲ್ಲಿ ಇದನ್ನ ತಿರುಗಿಸೋದು ಕೊಳಾಯಿಯವ್ರ ಕೈಲಾಗಲ್ಲ."

ಕ್ಲೈವ್ ಅವಳ ಮುಖ ನೋಡಿದ. ನಲವತ್ತನಾಲ್ಕು ವರ್ಷ ಸಂಸಾರ ಮಾಡಿದವನಿಗೆ ಆ ಮುಖ ಚೆನ್ನಾಗಿ ಗೊತ್ತಿತ್ತು. ಕೀ ಕೊಟ್ಟ. ಟೋಪಿಯಿಲ್ಲದ ಬೋಳುತಲೆಯ ಮೇಲೆ ಟವೆಲ್ ಸುತ್ತಿಕೊಂಡು ಹಿಮಕ್ಕೆ ಇಳಿದ.

ಅಲ್ಲಿ ಕ್ಯಾರವಾನ್ ತಿರುಗಿಸಿದ್ದನ್ನು ನೋಡಲು ಒಂದು ಕಾಗೆಯ ಹೊರತು ಯಾರೂ ಇರಲಿಲ್ಲ, ಅದೊಂದು ನಷ್ಟ. ಕ್ಲೈವ್ ಹಿಂದೆ ನಿಂತು ಬಲಗೈ ಆಡಿಸಿದರೆ ನೋಲಿನ್ ಎಡಕ್ಕೆ ತಿರುಗಿಸಿದಳು, ಎಡಗೈ ಆಡಿಸಿದರೆ ಅವನತ್ತ ನೋಡಲೇ ಇಲ್ಲ. ಕನ್ನಡಿಯಲ್ಲಿ ಕಣ್ಣಿಟ್ಟು, ಗೇಣು ಹಿಂದೆ ಗೇಣು ಮುಂದೆ, ಏಳು ಸಲ ಎಳೆದಾಡಿ, ಕೊನೆಯ ಸಲ ಚಕ್ರ ಜಾರಿ ಎಲ್ಲವೂ ಕೆರೆಯ ಕಡೆ ವಾಲಿದಾಗ ಕ್ಲೈವ್ ಅಪ್ಪಾ ಎಂದು ಕಿರುಚಿದ. ಚಕ್ರ ಜಲ್ಲಿ ಹಿಡಿಯಿತು. ಕ್ಯಾರವಾನಿನ ಮೂತಿ ಬಾತ್‌ವೆಲ್ ಕಡೆ ತಿರುಗಿತು.

"ಶಾಲೆ ಮಕ್ಕಳು ಕಿರಿಚ್ತಿದ್ದಿದ್ದೂ ಹೀಗೇನೇ," ಎಂದಳು ನೋಲಿನ್, ಅವನು ಹತ್ತಿ ಕೂತಾಗ. ಭಯವೆಲ್ಲ ಇಳಿದುಹೋಗಿ ಅವಳಿಗೆ ಹಾಡಬೇಕು ಎನ್ನಿಸುತ್ತಿತ್ತು, ಹಾಡಿದಳು ಕೂಡ. ಕ್ಲೈವ್ ಎರಡನೆಯ ಸಾಲಿಗೆ ದನಿಗೂಡಿಸಿದ. ಅವನ ತೊಡೆಯ ಮೇಲೆ, ಕಂಬಳಿ ಸುತ್ತಿದ ಟೋಪಿಯಲ್ಲಿ, ಮಿಸೆಸ್ ಪೈಬಸ್ ಚೆಂಡುಗಳ ಮೇಲೆ ಕೂತೇ ಇದ್ದರು.

ಮೂರೂವರೆಗೆ ಎನಿಡ್ ಅವರ ಗೇಟು ಮುಟ್ಟಿದಾಗ ಅಲ್ಲಿ ಹಿಮದ ಸುಳಿವೂ ಇರಲಿಲ್ಲ, ಎಳೆ ಬಿಸಿಲು ಬಿದ್ದಿತ್ತು. ಎನಿಡ್ ಹಿತ್ತಿಲ ಕುರ್ಚಿಯಲ್ಲಿ ಕೋಟು ಹಾಕಿಕೊಂಡು, ಕೋಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಖಾಲಿಯಾದ ಸೂಪಿನ ಬಟ್ಟಲು. ಕೈಯಲ್ಲಿ ಚೀಟಿ.

ನೋಲಿನ್ ಟೋಪಿ ಸಮೇತ ಕೋಳಿಯನ್ನು ಎತ್ತಿಕೊಂಡು ಅವರ ಮುಂದೆ ಹೋಗಿ ನಿಂತಳು. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಎನಿಡ್, ಇವ್ರು ಮಿಸೆಸ್ ಪೈಬಸ್. ನಮ್ಮ ಕಂಬಳಿ ಪೆಟ್ಟಿಗೆಲಿ ಕಾವು ಕೂತಿದ್ರು, ನೋಡದೆ ಕಟ್ಕೊಂಡು ಹೋಗ್ಬಿಟ್ವಿ. ಅಲ್ಲಿರೋದು ಬೆಳಿಗ್ಗೆ ತಂದು ಬಿಟ್ಟಿದ್ದು. ಆ ಚೀಟೀಲಿ ನಾನು ಬರೆದಿದ್ದು ಸುಳ್ಳು."

"ತಂದಿದ್ದು ನಾನು," ಎಂದ ಕ್ಲೈವ್ ಹಿಂದಿನಿಂದ. "ಅವಳು ಬೇಡ ಅಂದ್ಲು."

ಎನಿಡ್ ಏನೋ ಹೇಳಲು ಬಾಯಿ ತೆರೆದರು. ಅದೇ ಹೊತ್ತಿಗೆ ಗೂಡಿನ ಮೇಲೆ ಹತ್ತಿ ನಿಂತಿದ್ದ ಹೊಸ ಚುಕ್ಕಿ ಕೋಳಿ ಕತ್ತು ಉದ್ದ ಮಾಡಿ, ಒಡಕು ಕಂಠದಲ್ಲಿ, ಊರಿಗೆಲ್ಲ ಕೇಳುವಂತೆ ಕೊಕ್ಕೋ ಕೋ ಎಂದು ಕೂಗಿತು.

ಕ್ಲೈವ್ ಆ ಹುಂಜವನ್ನೊಮ್ಮೆ, ತನ್ನ ಬೂಟನ್ನೊಮ್ಮೆ ನೋಡಿದ.

"ನಿಮ್ಮ ಮಿಸೆಸ್ ಪೈಬಸ್ ಎರಡೂವರೆಯಿಂದ ಹೀಗೇ ಹಾಡ್ತಿದ್ದಾರೆ," ಎಂದರು ಎನಿಡ್. "ನನ್ನ ಕಣ್ಣಿಗೆ ಪೊರೆ ಇದೆ ಕಣಪ್ಪ, ಕಿವಿಗಿಲ್ಲ."

ನೋಲಿನ್‌ಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. "ಮನೆ ನಮಗೆ ಕೊಡಿ ಅಂತ ಕೇಳೋಕೆ ಬಂದಿಲ್ಲ. ನಿಮ್ಮ ಕೋಳಿ ನಿಮಗೆ ತಲುಪಿಸೋಕೆ ಬಂದ್ವಿ," ಎಂದಳು.

"ಒಳಗಿಂದ ಆ ಬಿಸ್ಕತ್ತಿನ ಡಬ್ಬ ತಗೊಂಡ್ ಬಾಮ್ಮ. ಗಡಿಯಾರದ ಹಿಂದೆ ಇದೆ."

ಡಬ್ಬದಲ್ಲಿ ಮೂರು ಹಳೆಯ ಚೀಟಿಗಳಿದ್ದವು, ಮೂರು ಬೇರೆ ಬೇರೆ ಕೈಬರಹ. ಎನಿಡ್ ಅವನ್ನು ಒಂದೊಂದಾಗಿ ನೋಲಿನ್‌ಳ ಕೈಗಿಟ್ಟರು. ಒಬ್ಬರು ಹೂವಿನ ಚಿತ್ರ ಬಿಡಿಸಿದ್ದರು, ಇನ್ನೊಬ್ಬರು ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದಿದ್ದರು. ಮೂರರಲ್ಲೂ ಒಂದು ಸಾಲು ಒಂದೇ ಆಗಿತ್ತು. ಆರು ಕೋಳಿಯೂ ಕ್ಷೇಮ.

"ನಾನು ಮರಿ ತಂದು ಸಾಕಿದ ಮಿಸೆಸ್ ಪೈಬಸ್ ಕಪ್ಪು ಕೋಳಿ," ಎಂದರು ಎನಿಡ್. "ಮೊದಲ್ನೇ ಚಳಿಗಾಲ ಮುಗಿಸ್ಕೊಂಡು ಬಂದ್ರೆ ಕಂದು ಬಣ್ಣಕ್ಕೆ ತಿರುಗಿದ್ರು. ಎರಡ್ನೇ ವರ್ಷ ಬಿಳಿ. ಹೋದ ವರ್ಷ ಚುಕ್ಕಿ. ನಿಜವಾದ ಮಿಸೆಸ್ ಪೈಬಸ್ ಕೂಡ ಕೂದಲಿಗೆ ಇಷ್ಟು ಸಲ ಬಣ್ಣ ಬದಲಾಯಿಸಿರ್ಲಿಲ್ಲ."

ಕ್ಲೈವ್ ನಗು ತಡೆಯಲಾಗದೆ ಗೋಡೆ ಕಡೆ ತಿರುಗಿದ.

"ಕೋಳಿ ಅಂದ್ಮೇಲೆ ಸಾಯ್ತವೆ, ಕಳೆದುಹೋಗ್ತವೆ. ಅದು ನನಗೆ ಗೊತ್ತಿಲ್ವಾ? ಬಂದು ಎಣಿಸ್ತೀನಿ ಅಂದೋಳು ನಾನು ಎಣಿಸ್ತಿದ್ದಿದ್ದು ಕೋಳೀನಲ್ಲ ಕಣಮ್ಮ, ನಿಜ ಹೇಳೋ ಜನಾನ. ಮೂರು ವರ್ಷದಲ್ಲಿ ಒಬ್ರೂ ಸಿಕ್ಕಿರ್ಲಿಲ್ಲ. ಇವತ್ತು ಈ ಚೀಟಿ ಓದಿದಾಗ ತುಂಬಾ ಬೇಜಾರಾಯ್ತು. ನಿನ್ನ ಸೂಪು ಚೆನ್ನಾಗಿತ್ತು, ಅದಕ್ಕೇ ಇನ್ನೂ ಬೇಜಾರು." ಎನಿಡ್ ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದರು. "ಹಿಮದಲ್ಲಿ ಎಲ್ಲೀವರೆಗೆ ಹೋಗಿದ್ರಿ?"

"ಮಿಯೆನಾ."

"ಅಲ್ಲಿಂದ ಇದನ್ನ ತಿರುಗಿಸಿದ್ಯಾರು?"

"ಇವಳು," ಎಂದ ಕ್ಲೈವ್. ಆ ಒಂದು ಮಾತಿನಲ್ಲಿದ್ದ ಹೆಮ್ಮೆಗೆ ನೋಲಿನ್‌ಳ ಕೆನ್ನೆ ಬಿಸಿಯಾಯಿತು.

ಎನಿಡ್ ಕೋಟಿನ ಜೇಬಿನಿಂದ ಬೀಗದ ಕೈ ತೆಗೆದರು. ಬೆಳಿಗ್ಗೆ ನೋಲಿನ್ ಹೂಕುಂಡದ ಕೆಳಗೆ ಇಟ್ಟುಹೋದ ಅದೇ ಕೈ. ಅದನ್ನು ಟೋಪಿಯೊಳಗೆ, ಚೆಂಡುಗಳ ಪಕ್ಕದಲ್ಲಿ ಹಾಕಿದರು. ಮಿಸೆಸ್ ಪೈಬಸ್ ಅದನ್ನೂ ಕೊಕ್ಕಿನಿಂದ ಒಳಗೆಳೆದುಕೊಂಡರು.

"ಜೂನ್ ಒಂದನೇ ತಾರೀಕು ಬನ್ನಿ. ತಡ ಮಾಡಬೇಡಿ, ನನ್ನ ತಂಗಿ ಕಾಯ್ತಿರ್ತಾಳೆ. ಇವತ್ತು ಇಲ್ಲೇ ಮಲಗಿ, ಆ ಡಬ್ಬದೊಳಗೆ ಬೇಡ, ಮನೇಲಿ."

ನೋಲಿನ್ ಕೋಳಿಯನ್ನೂ ಟೋಪಿಯನ್ನೂ ಕ್ಲೈವ್‌ನ ಕೈಗೆ ಕೊಟ್ಟು ಎನಿಡ್ ಅವರನ್ನು ತಬ್ಬಿಕೊಂಡಳು. ಮುದುಕಿ ಅವಳ ಬೆನ್ನು ತಟ್ಟಿ, "ಸಾಕು, ನನ್ನ ಮೂಳೆ ಹಳೇದು," ಎಂದರು. ಗೂಡಿನ ಮೇಲಿನಿಂದ ಮತ್ತೊಮ್ಮೆ ಕೊಕ್ಕೋ ಕೋ.

"ಅವನಿಗೇನು ಹೆಸರು?" ಎಂದು ಕ್ಲೈವ್ ಕೇಳಿದ.

"ಇಟ್ಟಾಗಿದೆ. ಸಾಮಾನ್ಯವಾಗಿ ನನ್ನ ಸೋಲಿಸ್ದೋರ ಹೆಸರಿಡ್ತೀನಿ. ಇವನಿಗೆ ನನ್ನ ಸೋಲಿಸೋಕೆ ಬಂದು ಸಿಕ್ಕಿಬಿದ್ದೋನ ಹೆಸರು."

ಮರುದಿನ ಕತ್ತಲು ಹರಿಯುವ ಮೊದಲೇ ಹುಂಜ ಕೂಗಿತು. "ಏಳು, ನಿನ್ನ ಹೆಸರಿನೋನೇ ಕರೀತಿರೋದು," ಎಂದು ನೋಲಿನ್ ಗಂಡನ ಪಕ್ಕೆಗೆ ತಿವಿದಳು. ತಿಂಡಿ ಮುಗಿಸಿ, ಹೊಸ ಚೀಟಿ ಬರೆದು, ಇಬ್ಬರೂ ಕ್ಯಾರವಾನಿನ ಹತ್ತಿರ ಬಂದರು. ಈ ಸಲ ಕೆಳಗಿನ ದೊಡ್ಡ ರಸ್ತೆ. ಕ್ಲೈವ್‌ನ ತಲೆಯ ಮೇಲೆ ಎನಿಡ್ ಅವರು ಹುಡುಕಿ ಕೊಟ್ಟ ನೇರಳೆ ಟೋಪಿ, ತುದಿಯಲ್ಲಿ ಉಣ್ಣೆಯ ಗೊಂಡೆ. ಬೀಗದ ಕೈಯೇನೋ ಈಚೆ ಬಂದು ನೋಲಿನ್‌ಳ ಜೇಬು ಸೇರಿತ್ತು, ಅವನ ಟೋಪಿ ಮಾತ್ರ ಇನ್ನೂ ಗೂಡಿನಲ್ಲಿತ್ತು, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಗ್ಯಾಸು?"

"ಬಂದ್."

"ಕಾಲು?"

"ಎತ್ತಿದೆ."

"ಕಿಂಡಿ?"

"ಹಾಕಿದೆ."

"ಮುಚ್ಚಳ?"

ನೋಲಿನ್ ಒಂದೊಂದೇ ಮುಚ್ಚಳ ಎತ್ತಿ, ಕೈಹಾಕಿ ತಡಕಿ, ಮೆಲ್ಲನೆ ಮುಚ್ಚಿದಳು. "ಬಿಗಿ."

"ಮೆಟ್ಟಿಲು?"

"ಒಳಗೆ."

"ಹೆಂಡ್ತಿ?"

"ಇದ್ದಾಳೆ, ನಿನ್ನ ಗ್ರಹಚಾರ."

ಕ್ಲೈವ್ ಇಂಜಿನ್ ಚಾಲೂ ಮಾಡಿದವನು ತಡೆದು, ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಕೋಳಿ?"

"ಏಳು!" ಹಿತ್ತಿಲಿನಿಂದ ಎನಿಡ್ ಕೋಲೆತ್ತಿ ಕೂಗಿದರು. "ನಾನೇ ಎಣಿಸಿದ್ದೀನಿ, ಹೊರಡಿ!"